ಸೈಕಲ್ ಟ್ಯೂಬಿನ ಪಟ್ಟಿ

ಟ್ಯೂಷನ್ ಹೇಳಿ ಕೂಡಿಟ್ಟ ಹಣದಲ್ಲಿ ನಿಂಟೆಂಡೊ ಸ್ವಿಚ್ ಲೈಟ್ ಕೊಂಡೆ. "ಮೇಷ್ಟ್ರಾಗೋನಿಗೆ ಆಟದ ಸಾಮಾನು ಬೇರೆ ಕೇಡು" ಎಂದಳು ಅಮ್ಮ. 5.5 ಇಂಚಿನ ಪರದೆ, 275 ಗ್ರಾಂ ತೂಕ. ಮೇಜಿನ ಮೇಲೆ ನಿಲ್ಲಿಸಲು ದೊಡ್ಡ ಸ್ವಿಚ್‌ಗೆ ಇರುವಂತೆ ಹಿಂದೆ ಕಾಲಿಲ್ಲ. ಬಿಡಿ ಸಾಮಾನು ಕೊಳ್ಳಲು ನನ್ನಲ್ಲಿ ಹಣವೂ ಉಳಿದಿರಲಿಲ್ಲ.

ಹಳೆಯ ಜೀನ್ಸ್ ಕತ್ತರಿಸಿ ಕವಚ ಹೊಲಿದೆ. ಆಡುತ್ತಿದ್ದಂತೆ ಸಾಧನ ಬಿಸಿಯಾಯಿತು. ಬಿಸಿಗಾಳಿ ಹೊರಹೋಗುವ ಮೇಲಂಚಿನ ಕಿಂಡಿಯನ್ನೇ ಹೊಲಿದು ಮುಚ್ಚಿದ್ದೆ, ಬಿ.ಎಸ್ಸಿ. ಓದುವ ನಾನು! ಆಮೇಲೆ ರಟ್ಟಿನ ಸ್ಟ್ಯಾಂಡ್ ಮಾಡಿದೆ. ಅದು ಜಾರುತ್ತಿತ್ತು. ಅಡಿಗೆ ಸೈಕಲ್ ಟ್ಯೂಬಿನ ಪಟ್ಟಿ ಅಂಟಿಸಿದ ಮೇಲೆ ಕದಲಲಿಲ್ಲ.

ಬೋಧನಾಭ್ಯಾಸದಲ್ಲಿ ಎಂಟನೇ ತರಗತಿಗೆ 'ಘರ್ಷಣೆ' ಪಾಠ ಬಂತು. ಗೇಮನ್ನು ಮನೆಯಲ್ಲೇ ಬಿಟ್ಟು, ಪಟ್ಟಿ ಇರುವ ಮತ್ತು ಇಲ್ಲದ ಎರಡು ಸ್ಟ್ಯಾಂಡ್ ಒಯ್ದೆ. ಓರೆ ಹಲಗೆಯ ಮೇಲೆ ಒಂದು ಜಾರಿತು, ಇನ್ನೊಂದು ನಿಂತಿತು. ನಾನು ಬೀಗುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗ, "ಸಾರ್, ಚಾಕ್‌ಪುಡಿ ಹಾಕಿ ನೋಡೋಣ್ವಾ?" ಎಂದ. ಹಾಕಿದೆವು. ಪಟ್ಟಿ ಇದ್ದದ್ದೂ ಸರ್ರನೆ ಜಾರಿತು.

ಪಾಠಯೋಜನೆಯಲ್ಲಿ ಇದು ಇರಲಿಲ್ಲ. ಮಾರ್ಗದರ್ಶಕರು ಹಿಂದೆ ಕುಳಿತು ಬರೆಯುತ್ತಿದ್ದರು. ಬಾಯಿ ಒಣಗಿ, ಅವನನ್ನೇ "ಯಾಕೆ?" ಎಂದೆ.

"ಕೇರಂ ಬೋರ್ಡಿಗೆ ಪೌಡರ್ ಹಾಕಲ್ವಾ ಸಾರ್, ಹಾಗೇ."

ಇಡೀ ತರಗತಿ ಕೇರಂ ಮಾತಿಗಿಳಿಯಿತು. ಮೌಲ್ಯಮಾಪನಕ್ಕೆ ಮೊದಲೇ ಗಂಟೆ ಹೊಡೆಯಿತು. 'ಸಮಯ ಪಾಲನೆ ಸಾಲದು' ಎಂದು ಷರಾ ಬಂತು.

ಹೊರಡುವಾಗ ಅದೇ ಹುಡುಗ ಕೇಳಿದ: "ಈ ಸ್ಟ್ಯಾಂಡ್ ಯಾತಕ್ಕೆ ಸಾರ್?"

"ಪುಸ್ತಕ ಇಡೋಕೆ" ಎಂದೆ. ಅವನು ನಂಬಿದಂತೆ ಕಾಣಲಿಲ್ಲ.