ಐದು ಗಂಟೆಯ ಆಳು

ನಮ್ಮ ಅಜ್ಜ ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಹಂಚು ಸುಡಲು ಕೂತದ್ದು ಹಂಚಿನ ಮೇಲಿನ ಮೋಹಕ್ಕಲ್ಲ; ಕ್ರೈಸ್ತರಾದ ಕೂಡಲೇ ಜಾತಿಯನ್ನೂ ಕಸುಬನ್ನೂ ಕಳಕೊಂಡವರಿಗೆ ಅನ್ನ ಆಗಬೇಕಿತ್ತು. ಹಾಗಾಗಿ ನಮ್ಮ ಮನೆಯಲ್ಲಿ ಕೈ ಜೋಡಿಸಿ ಕೂರಲು ಪ್ರಾರ್ಥನೆಯ ಹೊತ್ತಿನಲ್ಲಿ ಮಾತ್ರ ಅನುಮತಿ. ಅದೂ ಉದ್ದವಾದರೆ ಅಜ್ಜಿ ಕೆಮ್ಮುತ್ತಿದ್ದರು.

ಈ ವಂಶದ ಕುಡಿಯಾದ ನಾನು ಸ್ಟೇಟ್‌ಬ್ಯಾಂಕ್-ಸುರತ್ಕಲ್ ಬಸ್ಸಿನಲ್ಲಿ ಕಂಡಕ್ಟರಾಗಿ ಬೆನ್ನುಮೂಳೆ ಸವೆಸಿಕೊಂಡೆ. ನಿಲ್ಲಬೇಡಿ, ಬಾಗಬೇಡಿ, ಭಾರ ಎತ್ತಬೇಡಿ ಎಂದರು ಡಾಕ್ಟರು. ಮಾಡಬಹುದಾದದ್ದು ಏನೆಂದು ಹೇಳಲಿಲ್ಲ. ಹೆಂಡತಿ ಕೆಲಸಕ್ಕೆ ಹೊರಟಾಗ ಅವಳ ಚಪ್ಪಲಿಯ ಸದ್ದು ಗೇಟು ದಾಟುವ ತನಕ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕೂರುತ್ತಿದ್ದೆ.

ಸಭಾಪಾಲಕರು ಬಂದು ಇಂಗ್ಲಿಷ್ ಕವಿ ಮಿಲ್ಟನ್ನನ ಕತೆ ಹೇಳಿದರು. ಪೂರ್ತಿ ಕುರುಡಾದ ಮೇಲೂ ಬಾಯಲ್ಲಿ ಹೇಳಿ ಬರೆಸಿ 1667ರಲ್ಲಿ ‘ಪ್ಯಾರಡೈಸ್ ಲಾಸ್ಟ್’ ಹೊರತಂದನಂತೆ. ಇರಬಹುದು. ಅವನು ಹೇಳಿದ್ದನ್ನು ಬರೆದುಕೊಳ್ಳಲು ಜನ ಇದ್ದರು. ನಾನು ಹೇಳಿದ್ದನ್ನು ಈ ಮನೆಯಲ್ಲಿ ಕೇಳುವವರೇ ಇಲ್ಲ.

ನನ್ನನ್ನು ಹಿಡಿದು ಕೂರಿಸಿದ್ದು ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದ ದ್ರಾಕ್ಷಿತೋಟ. ಬೆಳಿಗ್ಗೆಯಿಂದ ಬಿಸಿಲಲ್ಲಿ ಬೆಂದವನಿಗೂ ಸಂಜೆ ಐದಕ್ಕೆ ಬಂದವನಿಗೂ ಯಜಮಾನ ಒಂದೇ ಕೂಲಿ ಕೊಡುತ್ತಾನೆ. ಡ್ಯೂಟಿಯಲ್ಲಿದ್ದಾಗ ಈ ಲೆಕ್ಕ ನನಗೆ ಸೇರುತ್ತಿರಲಿಲ್ಲ. ಲಾಲ್‌ಬಾಗಿಗೂ ಸುರತ್ಕಲ್ಲಿಗೂ ಒಂದೇ ಟಿಕೆಟು ಹರಿದರೆ ಬಸ್ಸು ಓಡುವುದುಂಟೇ? ಈಗ ಓದುವಾಗ ಕಣ್ಣು ಇನ್ನೊಂದು ಕಡೆ ನಿಲ್ಲುತ್ತದೆ. ಆ ಐದು ಗಂಟೆಯವರು ಅಷ್ಟು ಹೊತ್ತೂ ಪೇಟೆಯಲ್ಲಿ ನಿಂತೇ ಇದ್ದರು, ಯಜಮಾನ ಬಂದು ಕರೆಯುವ ತನಕ ಯಾರೂ ಕರೆದಿರಲಿಲ್ಲ. ಅವರ ಕೂಲಿಗಿಂತ ಆ ಕರೆಯ ಮೇಲೆಯೇ ನನಗೆ ಹೊಟ್ಟೆಕಿಚ್ಚು.

ನನ್ನನ್ನು ಕರೆದದ್ದು ಸಭೆಯ ಒಬ್ಬ ರಿಟೈರ್ಡ್ ಟೀಚರು. “ಹೇಗೂ ಮನೆಯಲ್ಲೇ ಇರ್ತೀರಲ್ಲ ಮಾರಾಯ್ರೇ, ಪ್ರಾರ್ಥನೆಯ ಪಟ್ಟಿ ನೀವೇ ಇಟ್ಟುಕೊಳ್ಳಿ” ಎಂದು ನೋಟುಪುಸ್ತಕ ಕೈಗಿಟ್ಟರು. ಯಾರು ಆಸ್ಪತ್ರೆಯಲ್ಲಿ, ಯಾರ ವೀಸಾ ಬಾಕಿ, ಯಾರ ಮಗಳಿಗೆ ಸೀಟು ಬೇಕು, ಎಲ್ಲ ಬರೆದುಕೊಂಡು ದಿನಾ ದೇವರ ಮುಂದಿಡಬೇಕು. ಮೈ ಮುರಿಯುವ ಕೆಲಸ ಇದು. ಉತ್ತರ ತಡವಾದರೆ ಜನ ಫೋನು ಮಾಡಿ ನನ್ನನ್ನೇ ದಬಾಯಿಸುತ್ತಾರೆ. ವೀಸಾ ಸಿಕ್ಕಿದವರು ಒಂದು ಮಾತೂ ಹೇಳದೆ ದುಬೈಗೆ ಹಾರಿರುತ್ತಾರೆ, ನಾನು ಇಲ್ಲಿ ಅವರಿಗಾಗಿ ಇನ್ನೂ ಬೇಡುತ್ತಲೇ ಇರುತ್ತೇನೆ. ನಿದ್ದೆ ಬಾರದ ರಾತ್ರಿ ಒಬ್ಬೊಬ್ಬರನ್ನೇ ಹೆಸರು ಹಿಡಿದು ನೆನೆಯುತ್ತೇನೆ. ನೋವೇನೂ ಕಡಿಮೆಯಾಗುವುದಿಲ್ಲ, ಆದರೆ ನನ್ನ ಸರದಿ ಬರುವಷ್ಟರಲ್ಲಿ ಬೆಳಗಾಗಿರುತ್ತದೆ.

ಮೊನ್ನೆ ಒಬ್ಬ ತಾಯಿ ಮಗನಿಗೆ ಬಂದ ಸಂಬಂಧ ಕೂಡಿಬರಲಿ ಎಂದು ಬರೆಸಿದರು. ಸಂಜೆ ಅದೇ ಸಂಬಂಧದ ಹುಡುಗಿಯ ಫೋನು: “ಅಂಕಲ್, ಅದು ತಪ್ಪಿಹೋಗಲಿ ಅಂತ ಪ್ರಾರ್ಥನೆ ಮಾಡಿ. ಅಪ್ಪನಿಗೆ ಮಾತ್ರ ಹೇಳ್ಬೇಡಿ.” ಎರಡನ್ನೂ ಬರೆದುಕೊಂಡೆ. ಹುಡುಗಿಯದ್ದನ್ನು ಒಂದು ಸಾಲು ಮೇಲೆ.