ಬಂಡೆಯ ಉಪಮಾನ



ನಮ್ಮ ನಗರದ ಅನೇಕ ಮನೆಗಳ ಒಲೆಗೆ ಈಗ ಅನಿಲವು ಕೊಳವೆಯಿಂದಲೇ ಬರುತ್ತದಷ್ಟೆ. ದಾಭೋಳದಿಂದ ಬೆಂಗಳೂರಿಗೆ ಆ ಕೊಳವೆಮಾರ್ಗವು ತೆರೆದದ್ದು ೨೦೧೩ರಲ್ಲಿ. ಕೆಂಗೇರಿಯ ಬಳಿಯ ತುರಹಳ್ಳಿ ಗುಡ್ಡಕ್ಕೆ ಹುಡುಗಿಯರನ್ನು ಕರೆದೊಯ್ದಿದ್ದಾಗ, “ಟೀಚರ್, ಇದರ ಕೆಳಗೂ ಅನಿಲವಿರಬಹುದೇ?” ಎಂದು ಒಬ್ಬಳು ಕೇಳಿದಳು. ಇಲ್ಲವೆಂದೆನು. ಬೆಂಗಳೂರಿನ ನೈಸ್ ಶಿಲೆಯು ಸುಮಾರು ೩೦೦ ಕೋಟಿ ವರ್ಷಗಳಷ್ಟು ಹಳೆಯದು. ಕಾದು ಹರಳುಗಟ್ಟಿದ ಕಲ್ಲು. ಅನಿಲವು ಹೆಚ್ಚಾಗಿ ಮರಳುಗಲ್ಲಿನಂಥ ಶಿಲೆಗಳಲ್ಲಿ, ಕಣಗಳ ನಡುವಣ ಸಂದುಗಳಲ್ಲಿ ಅಡಗಿರುವದು. “ಹಾಗಾದರೆ ಅಷ್ಟು ಆಳದ ಕಲ್ಲನ್ನು ಯಾರು ನೋಡಿದರು?” ಎಂದಳು. ಪರೀಕ್ಷೆಗಳಲ್ಲಿ ಇಂಥ ಪ್ರಶ್ನೆಗಳು ಬರುವದಿಲ್ಲವೆಂಬುದೇ ನನ್ನ ವ್ಯಥೆ.

ಒಂದು ಅಗುಳು ಹಿಸುಕಿದರೆ ಅನ್ನ ಬೆಂದದ್ದು ತಿಳಿಯುತ್ತದೆ. ಪಾತ್ರೆಯೊಳಗೆ ಎಲ್ಲಾ ಅಗುಳಿಗೂ ಒಂದೇ ಉರಿ. ಭೂಮಿಯೊಳಗೆ ಹಾಗಲ್ಲ. ಬಾವಿ ಕೊರೆದು ಎತ್ತುವ ಕಲ್ಲಿನ ದಿಂಡು ಅಂಗೈಯಗಲದ್ದು. ಮುಂದಿನ ಬಾವಿಯು ಎಷ್ಟೋ ದೂರದಲ್ಲಿ. ಪ್ರತಿಧ್ವನಿಯಿಂದ ತೆಗೆಯುವ ಚಿತ್ರದಲ್ಲಿ ತೆಳ್ಳನೆಯ ಪದರಗಳು ಒಂದರೊಳಗೊಂದು ಕಲೆತುಹೋಗುತ್ತವೆ. ಆದುದರಿಂದ ಭೂಗರ್ಭಶಾಸ್ತ್ರಜ್ಞರು ಅದೇ ರೀತಿಯಲ್ಲಿ ಹುಟ್ಟಿ ಈಗ ಬಯಲಿನಲ್ಲಿ ಕಾಣುವ ಬಂಡೆಯನ್ನು ಹುಡುಕಿ ಅಳೆದು, ಕಾಣದ್ದನ್ನು ಊಹಿಸುವರು.

ನಾನು ಕಲಿಸುವ ಉಪಮಾಲಂಕಾರವೂ ಇದೇ. ಮುಖವು ಚಂದ್ರನಂತಿದೆಯೆಂದರೆ ಕಾಂತಿಯಲ್ಲಿ ಮಾತ್ರ, ಕಲೆಯಲ್ಲಲ್ಲ. ಬಾದಾಮಿಯ ಮರಳುಗಲ್ಲಿನಲ್ಲಿ ಓರೆಯಾದ ಗೆರೆಗಳುಂಟು. ಹರಿಯುವ ನೀರು ಮರಳನ್ನು ಹಾಸಿದ ಗುರುತು. ನದಿಯ ಮರಳಿನ ಪದರವು ಎಷ್ಟು ದಪ್ಪವಾಗಿರುವದು, ಎಲ್ಲಿ ತೆಳುವಾಗಿ ಮುಗಿಯುವದು ಎಂಬುದಕ್ಕೆ ಅದು ಉಪಮಾನವಾದೀತು. ಸಂದುಗಳ ವಿಷಯದಲ್ಲಿ ಸಲ್ಲದು. ಆ ಪುರಾತನ ಕಲ್ಲಿನ ಸಂದುಗಳನ್ನು ಸಿಲಿಕವು ಬೆಸೆದುಬಿಟ್ಟಿದೆ.

ಕೃಷ್ಣಾ–ಗೋದಾವರಿ ಕಡಲಿನ ಡಿ-೬ ಕ್ಷೇತ್ರಕ್ಕಂತೂ ಬಾದಾಮಿಯು ಹೊಂದದು. ಅಲ್ಲಿಯ ಮರಳು ಆಳಸಮುದ್ರದ ತಳದ ಕಾಲುವೆಗಳಲ್ಲಿ ಬಿದ್ದದ್ದು. ಅಂಥವುಗಳಿಗೆ ದಕ್ಷಿಣ ಆಫ್ರಿಕದ ಕರೂ ಪ್ರದೇಶದಲ್ಲಿ ಮೇಲೆದ್ದು ನಿಂತ ಪ್ರಾಚೀನ ಸಮುದ್ರತಳವನ್ನು ನೋಡುವರು. ಅಂದಾಜು ತಪ್ಪಿದರೆ ನಷ್ಟವು ಸಣ್ಣದಲ್ಲ. ಡಿ-೬ರಿಂದ ದಿನಕ್ಕೆ ೮ ಕೋಟಿ ಘನ ಮೀಟರ್ ಅನಿಲ ಬರುವದೆಂದು ಯೋಜನೆಯಿತ್ತು. ೨೦೦೯ರ ಏಪ್ರಿಲಿನಲ್ಲಿ ಆರಂಭವಾಗಿ, ಮರುವರ್ಷ ೬ ಕೋಟಿಯಷ್ಟಕ್ಕೆ ಏರಿ, ಆಮೇಲೆ ಇಳಿಯುತ್ತಲೇ ಹೋಯಿತು. ಆಂಧ್ರದಲ್ಲಿ ಅನಿಲವಿಲ್ಲದೆ ವಿದ್ಯುತ್ ಸ್ಥಾವರಗಳು ಸುಮ್ಮನೆ ನಿಂತವು. ಕಲ್ಲಿನ ರಚನೆಯು ಎಣಿಸಿದ್ದಕ್ಕಿಂತ ಜಟಿಲವೆಂದು ಕಂಪೆನಿಯೂ, ಕೊರೆದ ಬಾವಿಗಳು ಸಾಲವೆಂದು ಸರಕಾರವೂ ವಾದಿಸಿದವು.

ನಮ್ಮ ಹುಡುಗಿಯರು ಕರೂವಿಗೆ ಹೋಗಲಾರರು, ಬಾದಾಮಿಯು ದೂರವಲ್ಲ. ಹಳೆಯ ವಿದ್ಯಾರ್ಥಿನಿಯರಲ್ಲಿ ಅಲ್ಲಿಗೆ ಹೋಗುವವರು ಶಿಲ್ಪಗಳನ್ನು ನೋಡಿದ ಮೇಲೆ, ಬಂಡೆಯ ಗೆರೆಗಳ ಪಕ್ಕದಲ್ಲಿ ಅಳತೆಗೋಲನ್ನಿಟ್ಟು ಚಿತ್ರ ತೆಗೆದು ಶಾಲೆಗೆ ಕಳುಹಿಸಿಕೊಟ್ಟರೆ ಭೂಗೋಳದ ತರಗತಿಗೆ ಉಪಕಾರವಾಗುವದು.