ಒಂದು ಅಗುಳಿನ ಸಾಕ್ಷ್ಯ

ವಿಜ್ಞಾನವು ಕಂಠಪಾಠದ ವಿದ್ಯೆಯಲ್ಲವೆಂಬ ಮಾತನ್ನು ಈಗ ಯಾರೂ ಅಲ್ಲಗಳೆಯುವುದಿಲ್ಲ. ಆದರೆ ವರ್ಷಾಂತ್ಯದ ಪರೀಕ್ಷೆ ಬಂದಿತೆಂದರೆ, ಹಾಗೆ ಒಪ್ಪಿಕೊಂಡವರೇ ಕಂಠಪಾಠದ ಪ್ರಶ್ನೆಗಳನ್ನು ಕೇಳತೊಡಗುತ್ತಾರೆ. ಅಯಸ್ಕಾಂತವು ಯಾವ ಯಾವ ಲೋಹಗಳನ್ನು ಸೆಳೆಯುವುದೆಂದು ಬರೆದ ಬಾಲಕನಿಗೆ ಪೂರ್ಣಾಂಕ ದೊರೆಯುತ್ತದೆ. ಅವನ ಕೈಗೆ ಅಯಸ್ಕಾಂತವು ಒಮ್ಮೆಯಾದರೂ ಬಂದಿತ್ತೆ ಎಂಬುದನ್ನು ಉತ್ತರಪತ್ರಿಕೆ ಹೇಳುವುದಿಲ್ಲ. ಈ ಕೊರತೆಯನ್ನು ನೀಗುವುದಕ್ಕಾಗಿ, ಎಳೆಯ ಮಕ್ಕಳ ಮುಂದೆ ಸಾಮಗ್ರಿಯನ್ನಿಟ್ಟು, ಪ್ರಯೋಗವನ್ನು ಅವರ ಕೈಯಿಂದಲೇ ಮಾಡಿಸಿ, ಅದನ್ನು ನೋಡಿ ಅಂಕ ಕೊಡುವ ಪದ್ಧತಿ ಹಲವು ದೇಶಗಳಲ್ಲಿ ಬೆಳೆಯಿತು. ಇದನ್ನು ಕೈಪರೀಕ್ಷೆ ಎನ್ನಬಹುದು. ಅದರ ಉದ್ದೇಶ ಸಾಧುವೆಂಬುದರಲ್ಲಿ ವಿವಾದವಿಲ್ಲ. ಅದು ಕೊಡುವ ತೀರ್ಪು ಎಷ್ಟರಮಟ್ಟಿಗೆ ನಂಬತಕ್ಕದ್ದು ಎಂಬುದೇ ವಿಚಾರಾರ್ಹವಾದದ್ದು. ಮಗುವನ್ನು ತೂಗುವ ತಕ್ಕಡಿಯನ್ನೂ ಒಮ್ಮೆ ತೂಗಿ ನೋಡಬೇಕಲ್ಲವೆ?

ಅಮೆರಿಕ ದೇಶದ ಕ್ಯಾಲಿಫೋರ್ನಿಯದಲ್ಲಿ ರಿಚರ್ಡ್ ಶಾವೆಲ್ಸನ್, ಗೇಲ್ ಬ್ಯಾಕ್ಸ್ಟರ್ ಮತ್ತು ಅವರ ಸಹೋದ್ಯೋಗಿಗಳು 1990ರ ದಶಕದ ಆರಂಭದಲ್ಲಿ ಈ ಕಾರ್ಯವನ್ನು ಶ್ರದ್ಧೆಯಿಂದ ನಡೆಸಿದರು. ಐದನೆಯ ಮತ್ತು ಆರನೆಯ ತರಗತಿಗಳ ಮಕ್ಕಳಿಗೆ ಅವರು ಮುಖ್ಯವಾಗಿ ಮೂರು ಕೆಲಸಗಳನ್ನು ಒಡ್ಡಿದರು. ಒಂದರಲ್ಲಿ, ಒರಸುವುದಕ್ಕೆ ಬಳಸುವ ಮೂರು ಬಗೆಯ ಕಾಗದಗಳಲ್ಲಿ ಯಾವುದು ಹೆಚ್ಚು ನೀರನ್ನು ಹೀರುವುದು, ಯಾವುದು ಕಡಮೆ ಹೀರುವುದು ಎಂದು ಕಂಡುಹಿಡಿಯಬೇಕು. ಇನ್ನೊಂದರಲ್ಲಿ, ಕಲ್ಲಿನಡಿಯ ತೇವದಲ್ಲಿ ವಾಸಿಸುವ ಒಂದು ಬಗೆಯ ಕಿರುಜಂತುವು ಬೆಳಕನ್ನು ಬಯಸುವುದೋ ಕತ್ತಲೆಯನ್ನೋ, ತೇವವನ್ನೋ ಒಣನೆಲವನ್ನೋ ಎಂದು ಗೊತ್ತುಮಾಡಬೇಕು. ಮೂರನೆಯದರಲ್ಲಿ ಮುಚ್ಚಿದ ಆರು ಪೆಟ್ಟಿಗೆಗಳಿರುತ್ತವೆ. ಒಳಗಿರುವುದು ಎರಡು ಬ್ಯಾಟರಿಗಳೋ, ಬರಿಯ ತಂತಿಯೋ, ಬಲ್ಬೋ, ಬ್ಯಾಟರಿಯೊಡನೆ ಬಲ್ಬೋ, ಅಥವಾ ಏನೂ ಇಲ್ಲವೋ ಎಂಬುದನ್ನು ಪೆಟ್ಟಿಗೆಯನ್ನು ತೆರೆಯದೆ ಹೇಳಬೇಕು.

ಈ ಪೆಟ್ಟಿಗೆಗಳ ಕೆಲಸವನ್ನು ಸ್ವಲ್ಪ ವಿಚಾರಿಸಿ ನೋಡತಕ್ಕದ್ದು. ಪೆಟ್ಟಿಗೆಗೆ ಹೊರಗಿನಿಂದ ಒಂದು ಬಲ್ಬನ್ನು ಮಾತ್ರ ಜೋಡಿಸಿದಾಗ ಅದು ಪ್ರಕಾಶವಾಗಿ ಉರಿದರೆ ಒಳಗೆ ಎರಡು ಬ್ಯಾಟರಿಗಳಿವೆ. ಮಂದವಾಗಿ ಉರಿದರೆ ಬ್ಯಾಟರಿಯ ಜೊತೆಗೆ ಬಲ್ಬೂ ಇದೆ. ಉರಿಯದೆಹೋದರೆ ಏನು ಹೇಳಬೇಕು? ಒಳಗೆ ತಂತಿಯಿದ್ದರೂ, ಬಲ್ಬಿದ್ದರೂ, ಏನೂ ಇಲ್ಲದಿದ್ದರೂ ಅದು ಉರಿಯುವುದಿಲ್ಲ. ಆಗ ಹೊರಗಡೆ ಬಲ್ಬಿನೊಡನೆ ಒಂದು ಬ್ಯಾಟರಿಯನ್ನೂ ಸೇರಿಸಿ ನೋಡಬೇಕೆಂಬ ಯುಕ್ತಿ ಮಗುವಿಗೆ ಹೊಳೆಯಬೇಕು. ಇದ್ದರೆ ಹೀಗಾಗುವುದು, ಇಲ್ಲದಿದ್ದರೆ ಹೀಗಾಗದು ಎಂದು ಶಾಸ್ತ್ರಕಾರರು ಹೇಳುವ ಅನ್ವಯವ್ಯತಿರೇಕಗಳನ್ನೇ ಹತ್ತುಹನ್ನೊಂದು ವರ್ಷದ ಮಗು, ಆ ಹೆಸರುಗಳನ್ನು ಕೇಳದೆಯೇ, ಬೆರಳುಗಳಿಂದ ಸಾಧಿಸುತ್ತದೆ. ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕುವ ಪ್ರಶ್ನೆಯಿಂದ ಈ ಸಾಮರ್ಥ್ಯ ಹೊರಬೀಳಲಾರದು.

ಹೀಗೆ ಮಾಡಿದ್ದನ್ನು ನೋಡಿ ಅಂಕ ಕೊಡುವಾಗ ಪರೀಕ್ಷಕರ ಮನೋಧರ್ಮಕ್ಕೆ ತಕ್ಕಂತೆ ಅಂಕ ಏರಿಳಿಯುವುದೆಂಬ ಶಂಕೆ ಸಹಜವಾದದ್ದು. ಒಬ್ಬರು ದಯಾಳುಗಳು, ಮತ್ತೊಬ್ಬರು ನಿಷ್ಠುರರು. ಆದರೆ ಇಲ್ಲಿ ಆ ಭಯ ನಿಜವಾಗಲಿಲ್ಲ. ಯಾವ ಕ್ರಮಕ್ಕೆ ಎಷ್ಟು ಅಂಕವೆಂದು ಮೊದಲೇ ನಿಶ್ಚಯಿಸಿ, ನೋಡುವವರಿಗೆ ಚೆನ್ನಾಗಿ ತಿಳಿಸಿಕೊಟ್ಟಾಗ, ಬೇರೆ ಬೇರೆ ಪರೀಕ್ಷಕರು ಕೊಟ್ಟ ಅಂಕಗಳು ಬಹಳಮಟ್ಟಿಗೆ ಒಂದನ್ನೊಂದು ಹೋಲುತ್ತಿದ್ದವು. ಮಗುವು ಮೂರು ಕಾಗದಗಳನ್ನೂ ಸಮವಾಗಿ ಪೂರ್ತಿ ತೋಯಿಸಿತೆ, ಹೀರಿದ ನೀರನ್ನು ಎಚ್ಚರಿಕೆಯಿಂದ ಅಳೆಯಿತೆ ಎಂಬುದು ಕಣ್ಣಿಗೆ ಕಾಣತಕ್ಕ ಸಂಗತಿ. ಕಾಣುವುದನ್ನು ಕಂಡಂತೆ ಹೇಳುವುದರಲ್ಲಿ ಬುದ್ಧಿವಂತರಾದ ಇಬ್ಬರಿಗೆ ಭಿನ್ನಾಭಿಪ್ರಾಯ ಬರುವುದು ಕಡಮೆ.

ತೊಡಕು ಬಂದದ್ದು ಬೇರೊಂದು ಕಡೆಯಿಂದ. ನಮ್ಮ ಹಿರಿಯರು ಸ್ಥಾಲೀಪುಲಾಕನ್ಯಾಯವೆಂದು ಒಂದನ್ನು ಹೇಳುತ್ತಿದ್ದರು. ಅಟ್ಟ ಪಾತ್ರೆಯಿಂದ ಒಂದು ಅಗುಳನ್ನು ತೆಗೆದು ಹಿಸುಕಿ ನೋಡಿದರೆ ಇಡೀ ಪಾತ್ರೆಯ ಅನ್ನ ಬೆಂದಿದೆಯೋ ಇಲ್ಲವೋ ತಿಳಿಯುತ್ತದೆ. ಎಲ್ಲ ಪರೀಕ್ಷೆಗಳ ಬೆನ್ನಹಿಂದೆಯೂ ಈ ನ್ಯಾಯವಿದೆ. ಆದರೆ ಈ ನ್ಯಾಯ ಸಲ್ಲುವುದಕ್ಕೆ ಒಂದು ನಿಬಂಧನೆಯುಂಟು: ಎಲ್ಲ ಅಗುಳೂ ಒಂದೇ ನೀರಿನಲ್ಲಿ, ಒಂದೇ ಉರಿಯಲ್ಲಿ ಬೆಂದಿರಬೇಕು. ಬಾಲಕನ ಜ್ಞಾನ ಹಾಗೆ ಸಮನಾಗಿ ಬೇಯುವುದಿಲ್ಲ. ಪೆಟ್ಟಿಗೆಗಳ ರಹಸ್ಯವನ್ನು ಕ್ಷಣದಲ್ಲಿ ಬಿಡಿಸಿದವನು ಜಂತುಗಳ ಮುಂದೆ ತಬ್ಬಿಬ್ಬಾದನು. ಕಾಗದಗಳನ್ನು ನೀಟಾಗಿ ಅಳೆದವಳು ತಂತಿಗಳನ್ನು ಹೇಗೆಂದರೆ ಹಾಗೆ ಜೋಡಿಸಿದಳು. ಅಂಕಗಳ ವ್ಯತ್ಯಾಸಕ್ಕೆ ಪರೀಕ್ಷಕನಿಗಿಂತಲೂ ಆಯ್ದ ಕೆಲಸವೇ ಹೆಚ್ಚು ಕಾರಣವೆಂದು ಕಂಡುಬಂದಿತು. ಒಂದು ಮಗುವಿನ ಸಾಮರ್ಥ್ಯವನ್ನು ಭರವಸೆಯಿಂದ ಹೇಳಬೇಕಾದರೆ ಒಂದೆರಡು ಕೆಲಸಗಳು ಸಾಲವು. ಹತ್ತರಷ್ಟು, ಕೆಲವು ವೇಳೆ ಅದಕ್ಕೂ ಹೆಚ್ಚು ಕೆಲಸಗಳು ಬೇಕಾಗುವುವೆಂದು ಅವರ ಗಣಿತ ತೋರಿಸಿತು. ಅದೇ ಮಗುವಿಗೆ ಅದೇ ಕೆಲಸವನ್ನು ಕೆಲವು ಕಾಲದ ಮೇಲೆ ಪುನಃ ಕೊಟ್ಟರೆ, ಅದು ಹಿಡಿಯುವ ದಾರಿಯೇ ಬೇರೆಯಾಗುವುದೂ ಉಂಟು.

ಇದರ ಗುರುತ್ವವನ್ನು ಮನೆಮನೆಯ ತಂದೆತಾಯಿಗಳು ಮನಗಾಣಬೇಕು. ಒಂದೇ ಕೆಲಸದ ಮೇಲೆ ತೇರ್ಗಡೆಯನ್ನು ನಿರ್ಣಯಿಸಿದರೆ, ಆ ದಿನ ಮೇಜಿನ ಮೇಲೆ ತಂತಿ ಬಂದಿತೋ ಜಂತು ಬಂದಿತೋ ಎಂಬ ಆಕಸ್ಮಿಕವು ಮಗುವಿನ ಹಣೆಬರಹವಾಗುತ್ತದೆ. ಬರಹದ ಪರೀಕ್ಷೆಯ ಅನ್ಯಾಯವನ್ನು ಕಳೆಯಲು ಬಂದ ಕೈಪರೀಕ್ಷೆ ಮತ್ತೊಂದು ಅನ್ಯಾಯಕ್ಕೆ ಎಡೆಗೊಟ್ಟಂತಾಗುತ್ತದೆ.

ಕೆಲಸಗಳನ್ನು ಹೆಚ್ಚಿಸುವುದೇ ಪರಿಹಾರವೆಂದರೆ ವೆಚ್ಚ ಅಡ್ಡ ಬರುತ್ತದೆ. 1995ರ ಅಂತರರಾಷ್ಟ್ರೀಯ ಗಣಿತವಿಜ್ಞಾನ ಸಮೀಕ್ಷೆಯಲ್ಲಿ ನಾಲ್ಕನೆಯ ಮತ್ತು ಎಂಟನೆಯ ತರಗತಿಗಳ ಮಕ್ಕಳಿಗೆ ಕೈಪರೀಕ್ಷೆಯನ್ನೂ ಏರ್ಪಡಿಸಿದ್ದರು. ಮಕ್ಕಳು ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುತ್ತ, 90 ನಿಮಿಷಗಳಲ್ಲಿ ಕೆಲವೇ ಕೆಲಸಗಳನ್ನು ಮಾಡಿದರು. ನಾಲ್ಕು ಬ್ಯಾಟರಿಗಳಲ್ಲಿ ಸವೆದವು ಯಾವುವು, ಒಳ್ಳೆಯವು ಯಾವುವು ಎಂದು ಟಾರ್ಚಿನಿಂದ ಪತ್ತೆಮಾಡುವುದು ಅವುಗಳಲ್ಲೊಂದು. ಸಾಮಗ್ರಿ, ಸ್ಥಳ, ನೋಡುವವರು, ಅಂಕ ಹಾಕುವವರು, ಇಷ್ಟನ್ನೂ ಒದಗಿಸುವುದಕ್ಕೆ ಗುರುತು ಹಾಕುವ ಪರೀಕ್ಷೆಗಿಂತ ಅನೇಕ ಪಾಲು ಹೆಚ್ಚು ಹಣ ಬೇಕು. ಆದರೆ ಕ್ಯಾಲಿಫೋರ್ನಿಯದ ವಿದ್ವಾಂಸರು ಉಪಯುಕ್ತವಾದ ಮತ್ತೊಂದನ್ನೂ ಕಂಡುಕೊಂಡರು. ಪ್ರಯೋಗ ಮಾಡುತ್ತಲೇ ಮಗುವು ತನ್ನ ನೋಟುಪುಸ್ತಕದಲ್ಲಿ ಬರೆದಿಟ್ಟ ವಿವರವು, ಪಕ್ಕದಲ್ಲಿ ನಿಂತು ನೋಡಿದವರ ವರದಿಗೆ ಬಹುಮಟ್ಟಿಗೆ ಬದಲಾಗಿ ನಿಲ್ಲಬಲ್ಲದು. ಪ್ರಯೋಗವಿಲ್ಲದೆ ಬರೆಯಿಸಿದ ಉತ್ತರವು ಹಾಗೆ ನಿಲ್ಲಲಾರದು.

ಭಾರತದಲ್ಲಿಯೂ ಇದಕ್ಕೊಂದು ನಿದರ್ಶನವಿದೆ. ಮಧ್ಯಪ್ರದೇಶದಲ್ಲಿ ಆಗ ಹೋಶಂಗಾಬಾದ್ ಎನಿಸಿಕೊಂಡಿದ್ದ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ 1972ರಲ್ಲಿ, ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ಗ್ರಾಮೀಣ ಕೇಂದ್ರಗಳ ಪ್ರಯತ್ನದಿಂದ, ಮಕ್ಕಳು ತಾವೇ ಪ್ರಯೋಗ ಮಾಡಿ ಕಲಿಯುವ ವಿಜ್ಞಾನಬೋಧನೆ ಆರಂಭವಾಯಿತು. 1978ರಲ್ಲಿ ಅದು ಜಿಲ್ಲೆಯ ಮಾಧ್ಯಮಿಕ ಶಾಲೆಗಳಿಗೆಲ್ಲ ಹಬ್ಬಿತು. 1982ರಲ್ಲಿ ಸ್ಥಾಪಿತವಾದ ಏಕಲವ್ಯ ಸಂಸ್ಥೆ ಮುಂದೆ ಅದನ್ನು ವಹಿಸಿಕೊಂಡಿತು. ಅಲ್ಲಿಯ ಪರೀಕ್ಷೆಗೆ ಪುಸ್ತಕವನ್ನು ತರಲು ಅಡ್ಡಿಯಿರಲಿಲ್ಲ; ಬರಹದ ಪರೀಕ್ಷೆಯೊಡನೆ ಪ್ರಯೋಗಪರೀಕ್ಷೆಯೂ ಇತ್ತು. ಪರೀಕ್ಷೆ ಹಳೆಯದಾಗಿಯೇ ಉಳಿದರೆ ಪಾಠವೂ ಕಾಲಕ್ರಮದಲ್ಲಿ ಹಳೆಯದಕ್ಕೇ ಮರಳುವುದೆಂಬ ಸತ್ಯವನ್ನು ಅದನ್ನು ನಡೆಸಿದವರು ಅರಿತಿದ್ದರು. 2002ರಲ್ಲಿ ರಾಜ್ಯಸರ್ಕಾರವು ಆ ಕಾರ್ಯಕ್ರಮವನ್ನು ನಿಲ್ಲಿಸಿತು. ಮೂವತ್ತು ವರ್ಷಗಳ ಕಾಲ ಸರ್ಕಾರಿ ಶಾಲೆಗಳ ಹಳ್ಳಿಯ ಮಕ್ಕಳಿಂದ ಇದು ಸಾಧ್ಯವಾಯಿತೆಂಬುದು ಮಾತ್ರ ಅಳಿಸಿಹೋಗುವ ಸಂಗತಿಯಲ್ಲ.

ಇಷ್ಟರಿಂದ ತಿಳಿಯುವುದೇನೆಂದರೆ, ಕೈಪರೀಕ್ಷೆಯನ್ನು ಬಿಡಲೂ ಬಾರದು, ವರ್ಷಕ್ಕೊಮ್ಮೆ ನಡೆದು ಪಾಸು ಫೇಲುಗಳನ್ನು ಸಾರುವ ನ್ಯಾಯಸ್ಥಾನವನ್ನಾಗಿ ಮಾಡಲೂ ಬಾರದು. ಹತ್ತು ಕೆಲಸಗಳನ್ನು ಒಂದೇ ದಿನ ಮಾಡಿಸಲು ಯಾವ ಇಲಾಖೆಗೂ ಸುಲಭವಲ್ಲ. ಒಂದು ವರ್ಷದಲ್ಲಿ ಹತ್ತು ಕೆಲಸಗಳನ್ನು ಮಾಡಿಸಿ, ಮಕ್ಕಳ ನೋಟುಪುಸ್ತಕಗಳನ್ನು ತಾಳ್ಮೆಯಿಂದ ಓದುವುದು ತರಗತಿಯ ಉಪಾಧ್ಯಾಯರಿಗೆ ಅಸಾಧ್ಯವಲ್ಲ. ಒಂದು ಲೋಟ, ಒಂದಿಷ್ಟು ನೀರು, ಎರಡು ಬಗೆಯ ಬಟ್ಟೆಯ ತುಂಡು, ಸವೆದ ಒಂದು ಬ್ಯಾಟರಿ ಸಿಕ್ಕದ ಊರಿಲ್ಲ. ಮಗುವು ತಪ್ಪು ಮಾಡಿದಲ್ಲಿ ಅಂಕವನ್ನು ಕಳೆದು ಸುಮ್ಮನಾಗದೆ, ಹಾಗೇಕೆ ಮಾಡಿದೆಯೆಂದು ಕೇಳುವ ಅವಕಾಶವಿರುವುದು ಆ ಉಪಾಧ್ಯಾಯರಿಗೊಬ್ಬರಿಗೇ. ಅವರಿಗೆ ಬೇಕಾದ ಕಾಲವನ್ನೂ ನಂಬಿಕೆಯನ್ನೂ ಕೊಡುವುದು ಉಳಿದವರ ಹೊಣೆ.